ಸೇವೆಯ ಹಂಚಿಕೆ



ದಾಸೋಹದ ಪಂಕ್ತಿಯಲ್ಲಿ ಮೊದಲ ಸಾಲಿಗೆ ಪಾಯಸ ಎರಡು ಸಲ ಬರುತ್ತದೆ. ಕಡೆಯ ಸಾಲಿನ ಮುದುಕಿಯ ಎಲೆಯ ಹತ್ತಿರ ಬರುವ ಹೊತ್ತಿಗೆ ಪಾತ್ರೆ ಬರಿದಾಗಿರುತ್ತದೆ. ಬಡಿಸುವವನಲ್ಲಿ ಕೆಟ್ಟ ಮನಸ್ಸಿಲ್ಲ. ಇಪ್ಪತ್ತು ಜನರ ಕೆಲಸವನ್ನು ಇಬ್ಬರು ಮಾಡಹೊರಟರೆ ಹಾಗಾಗುವುದೇ ಸಹಜ. ಆದರೆ ಆ ತಾಯಿ, ‘ಇದು ನಮ್ಮ ಮಠವಲ್ಲ, ಅವರ ಮಠ’ ಎಂದುಕೊಂಡು ಮನೆಗೆ ಹೋಗುತ್ತಾಳೆ. ಸಂಘದ ಒಡಕು ಹುಟ್ಟುವುದು ಅಲ್ಲಿ.

ಇದು ಇಂದಿನ ತೊಡಕಲ್ಲ, ನಮ್ಮೊಬ್ಬರದೂ ಅಲ್ಲ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಯೆರೂಸಲೇಮಿನಲ್ಲಿ ಕ್ರೈಸ್ತರ ಮೊದಲ ಸಭೆ ಕೂಡಿತ್ತು. ಇದ್ದುದನ್ನು ಹಂಚಿಕೊಂಡು ಬಾಳುವುದು, ಬಡ ವಿಧವೆಯರಿಗೆ ದಿನವೂ ಅನ್ನ ಕೊಡುವುದು ಅವರ ಪದ್ಧತಿ. ಜನ ಹೆಚ್ಚಿದಂತೆ ದೂರೊಂದು ಎದ್ದಿತು. ಗ್ರೀಕ್ ಮಾತನಾಡುವವರ ಗುಂಪಿನ ವಿಧವೆಯರಿಗೆ ಅನ್ನ ಸರಿಯಾಗಿ ತಲುಪುತ್ತಿಲ್ಲ, ಇಬ್ರಿಯರ ವಿಧವೆಯರಿಗೆ ತಲುಪುತ್ತದೆ ಎಂಬುದೇ ಆ ದೂರು. ಅಪೊಸ್ತಲರು ಹನ್ನೆರಡು ಮಂದಿ. ಅವರು ಗದರಿಸಿ ಬಾಯಿ ಮುಚ್ಚಿಸಲಿಲ್ಲ. ಎಲ್ಲವನ್ನೂ ತಾವೇ ನೋಡಿಕೊಳ್ಳುತ್ತೇವೆಂದು ಹೆಗಲಿಗೆ ಹಾಕಿಕೊಳ್ಳಲೂ ಇಲ್ಲ. ಸಭೆಯನ್ನೆಲ್ಲ ಕರೆದರು. ತಾವು ಬೋಧೆ ಪ್ರಾರ್ಥನೆಗಳಲ್ಲಿ ನಿಲ್ಲುವುದಾಗಿಯೂ, ಊಟೋಪಚಾರಕ್ಕೆ ಏಳು ಜನ ಒಳ್ಳೆಯವರನ್ನು ಸಭೆಯೇ ಆರಿಸಬೇಕೆಂದೂ ಹೇಳಿದರು. ಸ್ತೆಫನ, ಫಿಲಿಪ್ಪ ಮೊದಲಾದ ಏಳು ಮಂದಿ ಆಯ್ಕೆಯಾದರು. ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳೇ! ಇದನ್ನು ನೋಡಿದರೆ, ದೂರಿದವರ ಕಡೆಯವರ ಕೈಗೇ ಸಭೆ ಸೌಟನ್ನು ಕೊಟ್ಟಿತೆಂದು ನಮಗೆ ತೋರುತ್ತದೆ. ಎಂತಹ ದೊಡ್ಡ ಮನಸ್ಸು! ಮುಂದೆ ಸಂತ ಪೌಲನು ಕೊರಿಂಥದ ಸಭೆಗೆ ಬರೆಯುವಾಗ ದೇಹದ ದೃಷ್ಟಾಂತವನ್ನು ಕೊಟ್ಟನು. ಅಂಗಗಳು ಅನೇಕ, ದೇಹ ಒಂದೇ. ಬಲಹೀನವೆಂದು ತೋರುವ ಅಂಗವೂ ಬೇಕೇ ಬೇಕು ಎಂಬುದು ಅದರ ತಾತ್ಪರ್ಯ.

ನಮ್ಮ ಶರಣರ ದಾರಿಯೂ ಇದೇ ಅಲ್ಲವೇ? ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದರು. ಲಕ್ಕಮ್ಮ ತಾಯಿ ಅದರಿಂದಲೇ ದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ‘ಇದು ನಮಗೆ ಸಲ್ಲದು, ಅಲ್ಲಿಯೇ ಸುರಿದು ಬನ್ನಿ’ ಎಂದು ಆ ತಾಯಿ ತಿದ್ದಿದರೆಂದು ಕಥೆ ಇದೆ. ಮಾರಯ್ಯನವರು ಕೇಳಿದರು. ದುಡಿಯುವವರಿಗೆ ತಿದ್ದುವ ಅಧಿಕಾರವೂ ಉಂಟು ಎಂಬುದೇ ಇದರ ಸಾರ. ಕೆಲಸ ಹಂಚಿ ಮಾತನ್ನು ಹಂಚದಿದ್ದರೆ ಅದು ಪಾಲುಗಾರಿಕೆಯಲ್ಲ, ಬಿಟ್ಟಿ ದುಡಿತ.

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯನ್ನು ನೀವು ಬಲ್ಲಿರಿ. ಅಲ್ಲಿಯ ಮಹಾದಾಸೋಹಕ್ಕೆ ಸುತ್ತಣ ಹಳ್ಳಿಗಳ ಮನೆಮನೆಗಳಲ್ಲಿ ತಾಯಂದಿರು ಜೋಳದ ರೊಟ್ಟಿ ತಟ್ಟುತ್ತಾರೆ, ಮಾದಲಿ ಮಾಡಿ ಕಳಿಸುತ್ತಾರೆ. ಲಕ್ಷ ಲಕ್ಷ ರೊಟ್ಟಿ ಕೂಡುತ್ತವೆ. ಒಂದು ಮಠದ ಒಲೆ ಅಷ್ಟನ್ನು ಸುಟ್ಟೀತೇ? ಹತ್ತು ಜನಕ್ಕೆ ಹುಲ್ಲುಕಡ್ಡಿಯಾದದ್ದು ಒಬ್ಬನಿಗೆ ತಲೆಹೊರೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಹತ್ತೇ ರೊಟ್ಟಿ ಕೊಟ್ಟ ಬಡವಿಯೂ ಅಲ್ಲಿ ದಾಸೋಹಿಯೇ.

ಆದರೆ ಎಷ್ಟೋ ಕಡೆ ನಾವು ಕಾಣುವುದೇನು? ಹತ್ತಾರು ವರ್ಷಗಳಿಂದ ಅದೇ ನಾಲ್ಕು ಜನರ ಕೈಯಲ್ಲಿ ಬೀಗದ ಕೈ, ಲೆಕ್ಕ, ಉಗ್ರಾಣ. ಅವರು ನಿಷ್ಠಾವಂತರೇ ಇರಬಹುದು. ಆದರೆ ಅವರು ಮುಪ್ಪಾದ ದಿನ ಕೆಲಸ ಬಲ್ಲವರು ಯಾರೂ ಉಳಿದಿರುವುದಿಲ್ಲ. ದೂರಿದವನನ್ನು ಮಠದ್ರೋಹಿ ಎನ್ನುತ್ತೇವೆ. ಅವನು ಮೌನಿಯಾಗುತ್ತಾನೆ, ಆಮೇಲೆ ಬರುವುದನ್ನೇ ಬಿಡುತ್ತಾನೆ. ದೂರುವವನಿಗೆ ಮಠ ಇನ್ನೂ ತನ್ನದಾಗಿರುತ್ತದೆ; ಮೌನಿಯಾದವನಿಗೆ ಅದು ತನ್ನದಾಗಿ ಉಳಿದಿಲ್ಲ ಎಂಬುದನ್ನು ನಾವು ಅರಿಯಬೇಕು.

ಆದುದರಿಂದ ನಮ್ಮ ಅಪೇಕ್ಷೆ ಇಷ್ಟು. ಪ್ರತಿ ಓಣಿಯೂ ಒಂದೊಂದು ಸೇವೆಯನ್ನು ವಹಿಸಿಕೊಳ್ಳಲಿ. ಹಿರಿಯರು ತಮ್ಮ ಜೊತೆಗೊಬ್ಬ ಕಿರಿಯನನ್ನು ಇಟ್ಟುಕೊಂಡು ಕಲಿಸಲಿ. ಅಡುಗೆಮನೆಯ ತಾಯಂದಿರು ಆಲೋಚನೆಯ ಸಭೆಯಲ್ಲೂ ಕೂಡಲಿ. ಲೆಕ್ಕವನ್ನು ಎಲ್ಲರೆದುರು ಓದಿರಿ. ದೂರು ಬಂದರೆ ಕೇಳಿರಿ. ದೂರಿದವನಿಗೇ ಒಂದು ಕೆಲಸ ಒಪ್ಪಿಸಿರಿ. ನಾವು ಪೀಠದಲ್ಲಿ ಕುಳಿತವರು ಕೂಡ ಈ ದೇಹದ ಒಂದು ಅಂಗವೇ ಹೊರತು ದೇಹವೇ ಅಲ್ಲ.

ಇಂತಹ ಕೂಡುಬಾಳು ನಿಮ್ಮೆಲ್ಲರಿಗೂ ದೊರೆಯಲಿ ಎಂದು ಹಾರೈಸುತ್ತೇವೆ. ಶರಣು ಶರಣಾರ್ಥಿ.