ಕೊಟ್ಟಿಗೆಗೆ ಎಷ್ಟು ರಾಸು?

ಕಳೆದ ಶ್ರಾವಣದಲ್ಲಿ ಒಂದು ಭಾನುವಾರ ನನ್ನ ಹಳೆಯ ಮಿತ್ರರೊಬ್ಬರು ಮನೆಗೆ ಬಂದಿದ್ದರು. ಪೇಟೆಯಲ್ಲಿ ಮೂವತ್ತು ವರ್ಷ ನೌಕರಿ ಮಾಡಿದವರು. ಮುಂದಿನ ವರ್ಷ ನಿವೃತ್ತಿ. ಊರಿನಲ್ಲಿ ಅವರಿಗೆ ಪಿತ್ರಾರ್ಜಿತವಾದ ಎರಡೆಕರೆ ಹೊಲ, ಒಂದು ಬಾವಿ, ಬೀಗ ಹಾಕಿದ ಒಂದು ಮನೆ ಉಂಟು. ಕಾಫಿಯ ಲೋಟ ಕೆಳಗಿಡುವ ಮೊದಲೇ ಕೇಳಿದರು: "ಪಂಡಿತರೇ, ಊರಿಗೆ ಹೋಗಿ ಹಸು ಕಟ್ಟೋಣವೆಂದಿದ್ದೇನೆ. ನಾಲ್ಕು ಸಾಕೋ, ಆರು ಕಟ್ಟಲೋ?"

ಈ ಪ್ರಶ್ನೆ ಅವರೊಬ್ಬರದೇ ಅಲ್ಲ. ಪೇಟೆಯ ಮನೆಯಲ್ಲಿ ಕುಳಿತು ಇದನ್ನು ಓದುತ್ತಿರುವ ನಿಮ್ಮಲ್ಲಿಯೂ ಎಷ್ಟೋ ಮಂದಿಗೆ ಇಂಥ ಒಂದು ಆಸೆ ಇದ್ದೀತು. ಆಸೆ ಒಳ್ಳೆಯದೇ. ಆದರೆ ನನ್ನ ಮಿತ್ರರು ಬಂದದ್ದು ಶ್ರಾವಣದಲ್ಲಿ ಎಂಬುದನ್ನು ಮರೆಯಬೇಡಿ. ದಾರಿಯ ಎರಡು ಬದಿಗೂ ಹಸಿರು, ಬದುಗಳ ಮೇಲೆ ಮೊಣಕಾಲುದ್ದ ಹುಲ್ಲು, ಕೆರೆಯಲ್ಲಿ ನೀರು. ಅದನ್ನೆಲ್ಲ ಬಸ್ಸಿನ ಕಿಟಕಿಯಿಂದ ನೋಡಿಕೊಂಡು ಬಂದವರ ಬಾಯಲ್ಲಿ ನಾಲ್ಕು, ಆರು ಎಂಬ ಸಂಖ್ಯೆ ಸಲೀಸಾಗಿ ಬರುತ್ತದೆ. ನನ್ನ ಬಾಯಲ್ಲಿಯೂ ಒಮ್ಮೆ ಹಾಗೆಯೇ ಬಂದಿತ್ತು. ಆ ಕಥೆಯನ್ನೇ ಮೊದಲು ಹೇಳಿಬಿಡುತ್ತೇನೆ.

ನಮ್ಮದು ತುಮಕೂರು ಸೀಮೆಯ ಬಯಲು. ಎರಡೆಕರೆ ರಾಗಿಯ ಹೊಲ, ಕೊಳವೆಬಾವಿಯ ಕೆಳಗೆ ಹತ್ತು ಗುಂಟೆ ಹಸಿರು ಮೇವು. ಶಾಲೆ ಮೂರು ಮೈಲಿ. ಕೊಟ್ಟಿಗೆಯ ಯಜಮಾನಿಕೆ ನನ್ನ ಮನೆಯಾಕೆಯದು. ನನ್ನದು ಬೆಳಗ್ಗೆ ಡೇರಿಗೆ ಹಾಲು ಒಯ್ಯುವ ಕೆಲಸ ಮತ್ತು ಲೆಕ್ಕದ ಪುಸ್ತಕ. 2016ರ ಶ್ರಾವಣದಲ್ಲಿ ನಮ್ಮಲ್ಲಿ ಎರಡು ಹಸು ಇದ್ದುವು. ಒಂದು ಸ್ವಲ್ಪ ವಯಸ್ಸಾದದ್ದು. ಇನ್ನೊಂದು ಸೋಮಿ. ಸೋಮವಾರ ನಮ್ಮ ಕೊಟ್ಟಿಗೆಯಲ್ಲಿಯೇ ಹುಟ್ಟಿದ್ದರಿಂದ ಆ ಹೆಸರು. ತಾಯಿ ಒದ್ದು ಹಾಲು ಕೊಡದಿದ್ದಾಗ ನನ್ನ ಮನೆಯಾಕೆ ಬಟ್ಟಲಲ್ಲಿ ಬೆರಳದ್ದಿ ಚೀಪಿಸಿ ಬದುಕಿಸಿದ ಕರು ಅದು. ಆ ವರ್ಷ ಸೋಮಿ ಹೆಣ್ಣುಕರು ಹಾಕಿ ಹೊತ್ತಿಗೆ ಏಳೆಂಟು ಲೀಟರು ಕರೆಯುತ್ತಿದ್ದಳು. ವಾರದ ಹಾಲಿನ ಹಣ ಎಣಿಸುವಾಗ ನನ್ನ ತಲೆಯಲ್ಲಿ ತ್ರೈರಾಶಿ ಓಡಿತು: ಎರಡಕ್ಕೆ ಇಷ್ಟಾದರೆ ನಾಲ್ಕಕ್ಕೆ ಎಷ್ಟು? ಸಾಲ ಮಾಡಿ ಇನ್ನೆರಡು ಸೀಮೆ ಹಸು ತಂದೆ. ಮನೆಯಾಕೆ ಹೇಳಿದ್ದು ಒಂದೇ ಮಾತು: "ಬದು ನೋಡಿ ತರ್ತಿದೀರಿ. ಬಣವೆ ನೋಡಿ ತನ್ನಿ."

ಆ ವರ್ಷ ಮುಂಗಾರು ನಡುವಿನಲ್ಲಿ ಕೈಕೊಟ್ಟಿತು, ಹಿಂಗಾರೂ ಬರಲಿಲ್ಲ. ಕರ್ನಾಟಕದ ಬಹುಭಾಗಕ್ಕೆ ಅದು ಬರದ ವರ್ಷವೆಂದು ನಿಮಗೆ ನೆನಪಿದ್ದೀತು. ರಾಗಿ ಗೇಣುದ್ದಕ್ಕೆ ನಿಂತು ತೆನೆ ಬಿಚ್ಚಿತು. ಕಾಳು ಹೋಗಲಿ, ಹುಲ್ಲೂ ಇಲ್ಲ. ನೆಲದ ಮೇಲೆ ಕುಳಿತ ಕೋಳಿಯಂತಿದ್ದ ಆ ಬಣವೆಯ ತಳ 2017ರ ಯುಗಾದಿಗೆ ಮೊದಲೇ ಕಂಡಿತು. ಕೊಳವೆಬಾವಿಯೂ ಗಾಳಿ ಕಾರಲಾರಂಭಿಸಿತು. ಸರ್ಕಾರ ಅಲ್ಲಲ್ಲಿ ಮೇವಿನ ಬ್ಯಾಂಕು, ಗೋಶಾಲೆ ತೆರೆದಿತ್ತು, ನಿಜ. ಆದರೆ ಕೇಳುವವರು ಎಷ್ಟು ಮಂದಿ! ಮಾರುವುದೊಂದೇ ದಾರಿಯಾಯಿತು. ಎಲ್ಲರೂ ಮಾರುವ ಕಾಲದಲ್ಲಿ ಕೊಳ್ಳುವವನೇ ಅರಸ. ಬಂದವನು ಗೊಂತಿನ ಉದ್ದಕ್ಕೂ ನಡೆದ. ನಾನು ಮಾರಬೇಕೆಂದಿದ್ದ ಎರಡನ್ನೂ ದಾಟಿ ಹೋಗಿ ಸೋಮಿಯ ಬೆನ್ನ ಮೇಲೆ ಕೈಯಿಟ್ಟ. ಸಾಲ ಮಾಡಿ ತಂದದ್ದರಲ್ಲಿ ಒಂದನ್ನು ಅರ್ಧ ಬೆಲೆಗೆ ಕೊಳ್ಳುವುದಾಗಿ ಹೇಳಿದ; ಆದರೆ ಸೋಮಿಯನ್ನೂ ಕೊಟ್ಟರೆ ಮಾತ್ರ. ಕೊಟ್ಟೆ. ನಮ್ಮ ಮನೆಯಲ್ಲಿ ರಾಸು ಮಾರುವಾಗ ಹಗ್ಗ ಕೊಡುವ ಪದ್ಧತಿಯಿಲ್ಲ. ಮನೆಯಾಕೆ ಬಂದು ಹಗ್ಗ ಬಿಚ್ಚಿಕೊಂಡು ಒಳಗೆ ಹೋದಳು. ಎಷ್ಟಕ್ಕೆ ಹೋಯಿತೆಂದು ಅವಳು ಈವರೆಗೂ ಕೇಳಿಲ್ಲ.

ನಾನು ತಪ್ಪಿದ್ದು ಎಲ್ಲಿ? ಬೆಲೆಯ ಲೆಕ್ಕದಲ್ಲಿ ಅಲ್ಲ, ಹಾಲಿನ ಲೆಕ್ಕದಲ್ಲಿಯೂ ಅಲ್ಲ. ಯಾವ ತಿಂಗಳಲ್ಲಿ ನಿಂತು ಎಣಿಸಬೇಕು ಎಂಬುದರಲ್ಲಿ. ದನ ಎಷ್ಟು ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಚೈತ್ರ ವೈಶಾಖ. ನಾನು ಕೇಳಿದ್ದು ಶ್ರಾವಣವನ್ನು.

ಇಲ್ಲಿ ಒಂದು ಮಾತು. ನಮ್ಮ ತಾತನ ಕಾಲದಲ್ಲಿ ಇದೇ ಕೊಟ್ಟಿಗೆಯಲ್ಲಿ ಎಂಟು ಹತ್ತು ರಾಸು ಇದ್ದುವೆಂದು ಕೇಳಿದ್ದೇನೆ. ನಿಮ್ಮ ಹಿರಿಯರೂ ಹಾಗೆ ಹೇಳಿಯಾರು. ಹಾಗಾದರೆ ಅವರಿಗೆ ಸಾಧ್ಯವಾದದ್ದು ನಮಗೇಕಾಗದು? ಆ ಎಂಟು ರಾಸು ತಾತನ ಎರಡೆಕರೆಯ ಮೇಲೆ ನಿಂತಿರಲಿಲ್ಲ. ಊರ ಗೋಮಾಳದ ಮೇಲೆ ನಿಂತಿದ್ದುವು. ಹಳಗನ್ನಡದಲ್ಲಿ ದನಕ್ಕೆ ತುಱು ಎಂದು ಹೆಸರು. ತುರುಗೊಳ್ ಎಂದರೆ ದನ ಹೊಡೆದುಕೊಂಡು ಹೋಗುವುದು. ಅದನ್ನು ತಡೆದು ಮಡಿದವರ ವೀರಗಲ್ಲುಗಳು ನಮ್ಮ ನಾಡಿನಲ್ಲೆಲ್ಲ ನಿಂತಿವೆ. ಆ ತುಱುಗಳು ಮೇಯುತ್ತಿದ್ದುದು ಒಬ್ಬರ ಹಿತ್ತಲಿನಲ್ಲಿ ಅಲ್ಲ, ಊರೊಟ್ಟಿನ ಹುಲ್ಲುಗಾವಲಿನಲ್ಲಿ. 1966ರ ಕರ್ನಾಟಕ ಭೂಕಂದಾಯ ನಿಯಮಗಳಲ್ಲಿಯೂ ನೂರು ದನಕ್ಕೆ ಮೂವತ್ತು ಎಕರೆಯಂತೆ ಗೋಮಾಳ ಬಿಡಬೇಕೆಂದು ಉಂಟು. ಭಾಗಿಸಿ ನೋಡಿ, ತಲೆಗೆ ಹನ್ನೆರಡು ಗುಂಟೆ. ಆ ಹನ್ನೆರಡು ಗುಂಟೆ ಈಗ ನಿಮ್ಮೂರಿನಲ್ಲಿ ಎಲ್ಲಿದೆಯೆಂದು ಹುಡುಕಿರಿ. ಹಲವು ಊರುಗಳಲ್ಲಿ ಅದರ ಮೇಲೆ ಮನೆ ಎದ್ದಿದೆ, ತೋಟ ಎದ್ದಿದೆ. ಹಾಗಾಗಿ ತಾತನ ಸಂಖ್ಯೆಯನ್ನು ಮೊಮ್ಮಗ ಹಿಡಿದುಕೊಂಡು ಕೂರುವಂತಿಲ್ಲ. ಈಗ ಒಂದೊಂದು ರಾಸಿನ ಹುಲ್ಲನ್ನೂ ನಮ್ಮ ನೆಲವೇ ಕೊಡಬೇಕು, ಇಲ್ಲವೇ ನಮ್ಮ ಜೇಬು ಕೊಡಬೇಕು.

ಇನ್ನು ಲೆಕ್ಕ. ಸಾಧಾರಣ ಗಾತ್ರದ ಸೀಮೆ ಹಸು ಒಂದಕ್ಕೆ ದಿನಕ್ಕೆ ಸುಮಾರು 5 ಕಿಲೋ ಒಣಹುಲ್ಲು, 25 ಕಿಲೋ ಹಸಿ ಮೇವು, ಕರೆಯುವಾಗ ಹಾಲಿಗೆ ತಕ್ಕಷ್ಟು ಹಿಂಡಿ ಬೂಸಾ ಬೇಕು. ಒಣಹುಲ್ಲನ್ನೇ ಹಿಡಿಯಿರಿ. ದಿನಕ್ಕೆ 5 ಕಿಲೋ ಎಂದರೆ ವರ್ಷಕ್ಕೆ 18 ಕ್ವಿಂಟಾಲು. ನಮ್ಮ ಹೊಲದಲ್ಲಿ ಮಳೆ ಸರಿಯಾಗಿ ಬಂದ ವರ್ಷ ಎಕರೆಗೆ 15ರಿಂದ 18 ಕ್ವಿಂಟಾಲು ರಾಗಿಹುಲ್ಲು ಸಿಗುತ್ತದೆ. ಬಣವೆಯ ಅಡಿಯದು ಗೆದ್ದಲಿಗೆ, ನೆತ್ತಿಯದು ಮಳೆಗೆ; ಹತ್ತರಲ್ಲೊಂದು ಪಾಲು ಹಾಗೆ ಕಳೆಯಿರಿ. ಎರಡೆಕರೆಗೆ ಉಳಿಯುವುದು ಸುಮಾರು 30 ಕ್ವಿಂಟಾಲು. ಎರಡು ಹಸುವಿಗೆ ಬೇಕಾದದ್ದು 36. ಕೊರತೆಯಾದ 6 ಕ್ವಿಂಟಾಲನ್ನು ಮಳೆಗಾಲದ ಬದುವಿನ ಹುಲ್ಲು, ಅವರೆ ಹುರುಳಿಯ ಹೊಟ್ಟು ತುಂಬುತ್ತವೆ. ಮೂರನೆಯದಕ್ಕೆ ಎಲ್ಲಿಂದ ತರುತ್ತೀರಿ? ಕೊಂಡು ತರಬಹುದು, ತಪ್ಪಲ್ಲ. ಆದರೆ ಸುಗ್ಗಿ ಮುಗಿದ ಕೂಡಲೇ ಪುಷ್ಯ ಮಾಘದಲ್ಲಿ ಕೊಳ್ಳಬೇಕು. ಚೈತ್ರದಲ್ಲಿ ಕೊಳ್ಳುವವನು ಹುಲ್ಲಿಗೆ ಹಾಲಿನ ಬೆಲೆ ಕೊಡುತ್ತಾನೆ. ಕೊಳ್ಳುವಾಗ ಭತ್ತದ ಹುಲ್ಲು ರಾಗಿಹುಲ್ಲಿಗೆ ಸಮವಲ್ಲವೆಂಬುದೂ ನೆನಪಿರಲಿ.

ನನ್ನ ಮನೆಯಾಕೆ ಕ್ವಿಂಟಾಲಿನಲ್ಲಿ ಎಣಿಸುವುದಿಲ್ಲ. ಒಂದು ರಾಸಿಗೆ ಬೆಳಗ್ಗೆ ಒಂದು ತೆಕ್ಕೆ, ಸಂಜೆ ಒಂದು ತೆಕ್ಕೆ. ಬಣವೆಯನ್ನು ಒಂದು ಸುತ್ತು ಹಾಕಿ ನೋಡಿ ಇದು ಜ್ಯೇಷ್ಠದವರೆಗೆ ಬರುತ್ತದೆ, ಇದು ವೈಶಾಖಕ್ಕೇ ಮುಗಿಯುತ್ತದೆ ಎಂದು ಹೇಳಿಬಿಡುತ್ತಾಳೆ. ನಾನು ತೂಕ ಹಾಕಿ ಪರೀಕ್ಷಿಸಿದ್ದುಂಟು. ಒಂದು ವಾರದ ಹೆಚ್ಚುಕಡಿಮೆ, ಅಷ್ಟೆ.

ಹಸಿರು ಮೇವಿಗೆ ನೀರಿನ ಅನುಕೂಲವಿದ್ದರೆ ಒಂದು ಹಸುವಿಗೆ ಹತ್ತು ಗುಂಟೆ ನೇಪಿಯರ್ ಹುಲ್ಲು ಹಾಕಿಕೊಂಡರೆ ಸಾಕು. ಆದರೆ ನೀರಿನ ಅನುಕೂಲವೆಂದರೆ ಬೇಸಗೆಯ ನೀರು. ಕರೆಯುವ ಹಸು ಒಂದೇ ದಿನಕ್ಕೆ 50 ಲೀಟರಿಗೂ ಮೇಲೆ ಕುಡಿಯುತ್ತದೆ, ಸೆಕೆಯಲ್ಲಿ ಇನ್ನೂ ಹೆಚ್ಚು. ಮೈತೊಳೆಯಲು, ಕೊಟ್ಟಿಗೆ ತೊಳೆಯಲು ಬೇರೆ. ಬಾವಿಯನ್ನು ನೋಡುವುದಿದ್ದರೆ ಏಪ್ರಿಲ್ಲಿನಲ್ಲಿ ಬಗ್ಗಿ ನೋಡಿ.

ಮತ್ತೊಂದು ವಿಷಯ, ತಲೆ ಎಣಿಸುವಾಗ ಹೊಟ್ಟೆಯನ್ನು ಮರೆಯಬಾರದು. ಮಲೆನಾಡು ಗಿಡ್ಡ ತಳಿಯ ಹಸುವೂ ಒಂದೇ, ಸೀಮೆ ಹಸುವೂ ಒಂದೇ. ಆದರೆ ಒಂದು ಸೀಮೆ ಹಸು ತಿನ್ನುವುದರಲ್ಲಿ ಎರಡು ಮೂರು ಗಿಡ್ಡ ಬದುಕುತ್ತವೆ. ಹಾಲು ಒಂದೆರಡು ಲೀಟರು, ನಿಜ. ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ ಅದಕ್ಕಿಂತ ಎಷ್ಟು ಬೇಕು? ಡೇರಿಗೆ ಹಾಕುವ ಆಸೆಯಿಲ್ಲದವರು ಇದನ್ನು ಯೋಚಿಸಬೇಕು. ನಾನು ಯೋಚಿಸಲಿಲ್ಲ. ನನಗೆ ಆಸೆಯಿತ್ತು.

ಹಾಗಾದರೆ ಒಂದೇ ಸಾಕಲ್ಲವೆ ಎನ್ನುವಿರಿ. ಒಂದರಲ್ಲಿ ಬೇರೆ ತೊಡಕು. ಹಸು ಗಬ್ಬವಾಗಿ ಈಯಲು ಒಂಬತ್ತು ತಿಂಗಳ ಮೇಲೆ ಹತ್ತು ದಿನ. ಈಯುವ ಮುಂಚೆ ಎರಡು ತಿಂಗಳಾದರೂ ಕರೆಯುವುದನ್ನು ನಿಲ್ಲಿಸಬೇಕು. ಬೆದೆ ತಪ್ಪಿ ಗಬ್ಬ ನಿಲ್ಲುವುದು ತಡವಾದರೆ ಬತ್ತಿದ ಕಾಲ ಇನ್ನೂ ಉದ್ದವಾಗುತ್ತದೆ. ಒಂದೇ ಹಸು ಇದ್ದವರು ಕೊಟ್ಟಿಗೆಯಲ್ಲಿ ಹಸು ಕಟ್ಟಿಕೊಂಡೇ ಪ್ಯಾಕೆಟ್ಟಿನ ಹಾಲು ತರುವುದನ್ನು ನಾನು ಕಂಡಿದ್ದೇನೆ. ಎರಡು ಇದ್ದು, ಒಂದು ಈದು ಆರು ತಿಂಗಳಿಗೆ ಇನ್ನೊಂದು ಈಯುವಂತೆ ಹೊಂದಿಸಿಕೊಂಡರೆ ಮನೆಯಲ್ಲಿ ಮೊಸರಿಗೆ ಬರವಿಲ್ಲ. ಗೋಬರ್ ಗ್ಯಾಸಿನ ಗುಂಡಿ ತೋಡಿಸುವ ವಿಚಾರವಿದ್ದರೂ ಹೀಗೆಯೇ. 2 ಘನಮೀಟರಿನ ಸಣ್ಣ ಗುಂಡಿಗೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು. ಎರಡು ಮೂರು ರಾಸಿಗೆ ಕಡಿಮೆಯಾದರೆ ಒಲೆ ಹತ್ತದು.

ಹುಟ್ಟುವ ಕರುವನ್ನೂ ಎಣಿಸಿಕೊಳ್ಳಬೇಕು. ಹೆಣ್ಣಾದರೆ ಅದು ಬೆಳೆದು ಕಡಸಾಗಿ ಈಯುವವರೆಗೆ ಎರಡೂವರೆ ಮೂರು ವರ್ಷ ಮೇವು ಹಾಕಬೇಕು. ಗಂಡಾದರೆ ಉಳುಮೆಗೆ ಟ್ರ್ಯಾಕ್ಟರು ಬಂದಿರುವ ಈ ಕಾಲದಲ್ಲಿ ಕೇಳುವವರಿಲ್ಲ. ಹೆಣ್ಣುಕರುವೇ ಹುಟ್ಟುವಂತೆ ಬೇರ್ಪಡಿಸಿದ ವೀರ್ಯ ಪಶು ಆಸ್ಪತ್ರೆಗಳಿಗೆ ಬಂದಿದೆ. ನೂರಕ್ಕೆ ತೊಂಬತ್ತರಷ್ಟು ಹೆಣ್ಣೇ ಆಗುತ್ತದೆ. ಆದರೆ ಹೆಣ್ಣು ಹುಟ್ಟಿದರೆ ಬಿಡಲು ಮನಸ್ಸು ಬರುವುದಿಲ್ಲ, ಎರಡು ಮೂರಾಗುತ್ತದೆ, ಮೂರು ನಾಲ್ಕಾಗುತ್ತದೆ. ಮುದಿಯಾದ ಹಸುವಿನ ವಿಷಯವೂ ಉಂಟು. ಹತ್ತು ವರ್ಷ ಹಾಲು ಕೊಟ್ಟದ್ದನ್ನು ಹೊರಗಟ್ಟಲಾಗದ ಮನೆಯವರು ಅದಕ್ಕೂ ಒಂದು ಗೂಟ, ಒಂದು ತೆಕ್ಕೆ ಹುಲ್ಲು ಮೊದಲೇ ತೆಗೆದಿಡಬೇಕು.

ಕೋಳಿ, ಕುರಿ, ಮೇಕೆಯ ಮಾತು ಬೇಗ ಮುಗಿಸುತ್ತೇನೆ. ಸಾಕುವ ಪದ್ಧತಿಯಿದ್ದ ಮನೆಯಲ್ಲಿ ಐದಾರು ನಾಟಿ ಕೋಳಿ ಅಡುಗೆಮನೆಯ ಉಳಿಕೆಯಲ್ಲಿಯೇ ಬದುಕಿಕೊಳ್ಳುತ್ತವೆ. ಹಿತ್ತಲಿನಲ್ಲಿ ತರಕಾರಿ ಮಾಡುವವರು ಮೇಕೆ ತರುವ ಮುಂಚೆ ಬೇಲಿ ಕಟ್ಟಬೇಕು. ಆಡು ಮುಟ್ಟದ ಸೊಪ್ಪಿಲ್ಲ ಎಂದು ಸುಮ್ಮನೆ ಹೇಳಲಿಲ್ಲ ನಮ್ಮವರು.

ಇಷ್ಟು ಲೆಕ್ಕದಲ್ಲಿಯೂ ಸೇರದ ಒಂದು ಬಾಬು ಉಳಿದಿದೆ. ಒಂದು ಹಸುವಿಗೆ 25 ಕಿಲೋ ಹಸಿ ಮೇವು ಎಂದೆನಲ್ಲ, ಅದು ಸರಿಯಾಗಿ ಒಂದು ತಲೆಹೊರೆ. ಎರಡು ಹಸುವಿಗೆ ದಿನಕ್ಕೆ ಎರಡು ಹೊರೆ, ನಾಲ್ಕಕ್ಕೆ ನಾಲ್ಕು. ಆ ತಲೆ ಯಾರದು? ನಸುಕಿನ ಐದು ಗಂಟೆಗೆ ಎದ್ದು ಸಗಣಿ ಬಾಚಿ, ಕಲಗಚ್ಚು ಇಟ್ಟು, ಕರೆದು, ಕರು ಬಿಟ್ಟು, ಮತ್ತೆ ಸಂಜೆ ಅದೇ ಕೆಲಸಕ್ಕೆ ಕೂರುವ ಕೈ ಯಾರದು? ನಮ್ಮ ಮನೆಗಳಲ್ಲಿ ಹಸುವಿನ ಸಂಖ್ಯೆ ನಿರ್ಧರಿಸುವವರು ಗಂಡಸರು. ಹೊರೆ ಹೊರುವವರು ಹೆಂಗಸರು. ನಾಲ್ಕು ಹಸು ಇದ್ದ ಆ ಎಂಟು ತಿಂಗಳಲ್ಲಿ ನನ್ನ ಮನೆಯಾಕೆ ತವರಿನ ಎರಡು ಮದುವೆಗೂ ಹೋಗಲಿಲ್ಲ. ಒಂದಕ್ಕೆ ನಾನೊಬ್ಬನೇ ಹೋಗಿ ಊಟ ಮಾಡಿ ಬಂದೆ. ಅವಳು ಬರದ ಕಾರಣವನ್ನು ಯಾರೂ ಕೇಳಲಿಲ್ಲ, ನನಗೂ ಆಗ ಅದು ಹೊಳೆಯಲಿಲ್ಲ. ಪೇಟೆಯಲ್ಲಿ ಬೆಳೆದ ನಿಮ್ಮ ಮನೆಯವರು ಊರಿಗೆ ಬಂದು ಈ ಕೆಲಸ ಮಾಡುವರೆ ಎಂದು ಅವರನ್ನೇ ಕೇಳಿ ನೋಡಿ. ಆಳು ಇಟ್ಟುಕೊಳ್ಳುತ್ತೇನೆಂದರೆ, ಆಳಿನ ಸಂಬಳ ಹುಟ್ಟಬೇಕಾದರೆ ಇನ್ನಷ್ಟು ಹಸು ಬೇಕು. ಇನ್ನಷ್ಟು ಹಸುವಿಗೆ ಇನ್ನೊಂದು ಹೊಲ ಬೇಕು. ಅದು ಬೇರೆಯೇ ಉದ್ಯೋಗ. ನಿವೃತ್ತಿಯಲ್ಲ.

ನನ್ನ ಮಿತ್ರರಿಗೆ ಇದನ್ನೆಲ್ಲ ಹೇಳಿದೆ. ಎರಡು ಎಂಬ ಸಂಖ್ಯೆಯನ್ನು ಮಾತ್ರ ನಾನಾಗಿ ಹೇಳಲಿಲ್ಲ. ಅವರ ನೆಲ ನಮ್ಮದಲ್ಲ, ಅವರ ಬಾವಿಯನ್ನು ನಾನು ಕಂಡಿಲ್ಲ. ಮೊದಲ ವರ್ಷ ಹಸು ತರದೆ ಬರಿಯ ರಾಗಿ ಬೆಳೆದು ಬಣವೆ ಹಾಕಿ, ಅದು ಬೇಸಗೆ ಕಳೆಯುವವರೆಗೆ ಎಷ್ಟು ಉಳಿಯುತ್ತದೆ ನೋಡಿ ಎಂದೆ. ಅವರಿಗೆ ಸ್ವಲ್ಪ ಬೇಸರವಾದಂತೆ ಕಂಡಿತು. ಹೋಗುವಾಗ ಕೊಟ್ಟಿಗೆಗೆ ಹೋಗಿ ಕರುವಿನ ತಲೆ ಸವರಿದರು.

ಆ ಕರು ಈ ಆಷಾಢದಲ್ಲಿ ಹುಟ್ಟಿದ್ದು. ಸೋಮಿಯನ್ನು ಕೊಟ್ಟಾಗ ನಮ್ಮಲ್ಲಿಯೇ ಉಳಿದ ಆ ಹೆಣ್ಣುಕರು ಇಂದು ನಮ್ಮ ಕರೆಯುವ ಹಸು; ಇದು ಅದರ ಮಗಳು. ಗೊಂತಿನಲ್ಲಿ ಈಗಾಗಲೇ ಎರಡು ಇವೆ. ಇದನ್ನು ಉಳಿಸಿಕೊಳ್ಳುವುದೋ, ಬೇಡವೋ ಎಂದು ನಾನು ಎರಡು ಸಲ ಕೇಳಿದೆ. ಹೊಲದಲ್ಲಿ ರಾಗಿ ಈಗ ಗೇಣುದ್ದವಿದೆ, ಭಾದ್ರಪದದ ಮಳೆ ಇನ್ನೂ ಸರಿಯಾಗಿ ಹಿಡಿದಿಲ್ಲ. ಪುಷ್ಯದಲ್ಲಿ ಬಣವೆ ಹಾಕಿದ ಮೇಲೆ ಕೇಳಿ ಎಂದಳು ಮನೆಯಾಕೆ. ಅಲ್ಲಿಯವರೆಗೆ ಕರುವಿಗೆ ಹೆಸರಿಡಬೇಡಿ ಎಂದೂ ಹೇಳಿದಳು.