ಪೋರ್ಟೊ ರಿಕೊದ ಬ್ಯಾಸ್ಕೆಟ್‌ಬಾಲ್ ತಂಡ

ಒಂಬತ್ತನೆಯ ತರಗತಿಯ ಹುಡುಗನೊಬ್ಬ ಒಂದು ದಿನ ಭೂಪಟ ಹಿಡಿದು ಬಂದು, “ಸಾರ್, ಪೋರ್ಟೊ ರಿಕೊ ಅಮೆರಿಕದ್ದೇ ಎಂದು ಪುಸ್ತಕದಲ್ಲಿದೆ. ಹಾಗಾದರೆ ಅಮೆರಿಕದ ಮೇಲೇ ಅದು ಹೇಗೆ ಆಡುತ್ತದೆ?” ಎಂದು ಕೇಳಿದ. ನಾನು ಕನ್ನಡದ ಮೇಷ್ಟ್ರು. ಆಟದ ಮೇಷ್ಟ್ರು ಅಂದು ರಜೆಯಲ್ಲಿದ್ದರು. ಉತ್ತರ ಹೇಳುವ ಹೊಣೆ ನನ್ನ ಮೇಲೆಯೇ ಬಿತ್ತು.

ಕೆರಿಬಿಯನ್ ಕಡಲಿನ ಈ ದ್ವೀಪದ ಹೆಸರಿಗೆ ಸ್ಪ್ಯಾನಿಷ್ ನುಡಿಯಲ್ಲಿ ‘ಸಿರಿವಂತ ರೇವು’ ಎಂದರ್ಥ. 1898ರಲ್ಲಿ ಸ್ಪೇನಿನವರ ಕೈಯಿಂದ ಅದು ಅಮೆರಿಕದ ವಶಕ್ಕೆ ಬಂದಿತು. 1917ರಿಂದ ಅಲ್ಲಿಯ ಜನ ಅಮೆರಿಕದ ಪ್ರಜೆಗಳು. ಆದರೂ ದ್ವೀಪದಲ್ಲಿದ್ದುಕೊಂಡು ಅಮೆರಿಕದ ಅಧ್ಯಕ್ಷರ ಚುನಾವಣೆಯಲ್ಲಿ ಮತ ಹಾಕುವಂತಿಲ್ಲ. ಒಲಿಂಪಿಕ್ ಕ್ರೀಡೆಗಳಲ್ಲಿ ಮಾತ್ರ 1948ರಿಂದ ತಮ್ಮದೇ ಹೆಸರಿನಲ್ಲಿ ಭಾಗವಹಿಸುತ್ತಾರೆ. ರಾಜ್ಯ ಬೇರೆ, ನಾಡು ಬೇರೆ ಎಂದು ನಾವು ಕನ್ನಡದಲ್ಲಿ ಹೇಳುತ್ತೇವಲ್ಲ, ಆ ಭೇದ ಇಲ್ಲಿ ಕಣ್ಣಿಗೆ ಕಾಣುತ್ತದೆ.

ಬ್ಯಾಸ್ಕೆಟ್‌ಬಾಲ್ ತಂಡ ಒಲಿಂಪಿಕ್ಸ್‌ಗೆ ಮೊದಲು ಹೋದದ್ದು 1960ರಲ್ಲಿ, ರೋಮ್ ನಗರಕ್ಕೆ. ನಾಲ್ಕೇ ವರ್ಷಗಳಲ್ಲಿ ಟೋಕಿಯೋದಲ್ಲಿ ನಾಲ್ಕನೆಯ ಸ್ಥಾನ! ಟಿಯೋಫಿಲೊ ಕ್ರೂಸ್ ಎಂಬ ಎತ್ತರದ ಆಟಗಾರರು 1960ರಿಂದ 1976ರವರೆಗೆ ಐದು ಒಲಿಂಪಿಕ್ಸ್‌ಗಳಲ್ಲಿ ಆಡಿದರು. 1990ರ ವಿಶ್ವ ಸ್ಪರ್ಧೆಯಲ್ಲಿ ಮತ್ತೆ ನಾಲ್ಕನೆಯ ಸ್ಥಾನ. ಮರುವರ್ಷ ಹವಾನಾದ ಪ್ಯಾನ್ ಅಮೆರಿಕನ್ ಕ್ರೀಡೆಗಳಲ್ಲಿ ಚಿನ್ನ.

ಆದರೆ ನನ್ನ ಮನಸ್ಸು ಹೋಗುವುದು 1976ರ ಮಾಂಟ್ರಿಯಲ್ ಪಂದ್ಯದ ಕಡೆಗೆ. ದ್ವೀಪದಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಬೆಳೆದ ಬುಚ್ ಲೀ ಅಂದು ಪೋರ್ಟೊ ರಿಕೊದ ಅಂಗಿ ತೊಟ್ಟು, ತಾವು ಬೆಳೆದ ದೇಶದ ವಿರುದ್ಧವೇ 35 ಅಂಕ ಗಳಿಸಿದರು. ಕೊನೆಗೆ ಅಮೆರಿಕ 95, ಪೋರ್ಟೊ ರಿಕೊ 94. ಒಂದೇ ಒಂದು ಅಂಕ! ಕೆಲವು ಗೆಲುವುಗಳಿಗಿಂತ ಈ ಸೋಲೇ ದೊಡ್ಡದೆಂದು ನನಗೆ ತೋರುತ್ತದೆ. ಆಟ ಬಲ್ಲವರು ಒಪ್ಪದೆಯೂ ಇರಬಹುದು.

ಬಾಕಿ ತೀರಲು 28 ವರ್ಷ ಹಿಡಿಯಿತು. 1992ರಲ್ಲಿ ತನ್ನ ವೃತ್ತಿನಿರತ ಆಟಗಾರರನ್ನು ಕಳಿಸಲಾರಂಭಿಸಿದ ಮೇಲೆ ಅಮೆರಿಕ ಒಲಿಂಪಿಕ್ಸ್‌ನಲ್ಲಿ ಒಮ್ಮೆಯೂ ಸೋತಿರಲಿಲ್ಲ. 2004ರ ಆಗಸ್ಟ್ 15ರಂದು ಅಥೆನ್ಸ್‌ನಲ್ಲಿ ಅರ್ಧ ಆಟ ಮುಗಿಯುವಾಗಲೇ ಪೋರ್ಟೊ ರಿಕೊ 49–27ರಿಂದ ಮುಂದಿತ್ತು. ಟಿಮ್ ಡಂಕನ್, ಐವರ್ಸನ್‌ರಂಥ ಅತಿರಥರಿದ್ದ ಎದುರಾಳಿಗಳು ದೂರದಿಂದ 24 ಬಾರಿ ಎಸೆದರೆ ಬುಟ್ಟಿಗೆ ಬಿದ್ದದ್ದು ಮೂರೇ. ಮುಕ್ತಾಯ 92–73. 24 ಅಂಕ ಗಳಿಸಿದ ಕಾರ್ಲೋಸ್ ಅರೊಯೊ ಅಂಗಳ ಬಿಡುವಾಗ ತಮ್ಮ ಅಂಗಿಯ ಎದೆಯನ್ನು ಎರಡೂ ಕೈಗಳಿಂದ ಎಳೆದು, ಅದರ ಮೇಲಿದ್ದ ನಾಡಿನ ಹೆಸರನ್ನು ಎಲ್ಲರಿಗೂ ತೋರಿಸಿದರು. ಹುಡುಗನ ಪ್ರಶ್ನೆಗೆ ನಾನು ಈ ಸಂಗತಿಯನ್ನೇ ಹೇಳಿದೆ. ಪದಕ ಮಾತ್ರ ಆ ವರ್ಷವೂ ದೊರೆಯಲಿಲ್ಲ.

ಆಮೇಲೆ 20 ವರ್ಷ ಪುರುಷರ ತಂಡಕ್ಕೆ ಒಲಿಂಪಿಕ್ಸ್‌ನ ಬಾಗಿಲು ತೆರೆಯಲಿಲ್ಲ. 2024ರ ಜುಲೈನಲ್ಲಿ ತಮ್ಮದೇ ರಾಜಧಾನಿ ಸಾನ್ ಹ್ವಾನ್‌ನಲ್ಲಿ ಲಿಥುವೇನಿಯವನ್ನು 79–68ರಿಂದ ಸೋಲಿಸಿ ಪ್ಯಾರಿಸ್‌ಗೆ ಹೊರಟರು. ಅಲ್ಲಿ ಆಡಿದ್ದು ಮೂರು ಪಂದ್ಯ, ಮೂರರಲ್ಲೂ ಸೋಲು. ಕೊನೆಯದು ಅಮೆರಿಕದ ಎದುರು, 104–83.