ಕಾಲವಲ್ಲದ ಕಾಲದಲ್ಲಿ ಹಂಪೆ

(ರಾಮನಗುಳಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಪ್ರವಾಸದ ಮಾತು ಬಂದಾಗ ನಾವೆಲ್ಲ ಮೊದಲು ಕೇಳುವುದು 'ಯಾವಾಗ ಹೋದರೆ ಒಳ್ಳೆಯದು?' ಎಂದು. ಹಂಪೆಯ ವಿಷಯದಲ್ಲಿ ಇದಕ್ಕೆ ಸಿದ್ಧ ಉತ್ತರವೊಂದಿದೆ: ಅಕ್ಟೋಬರಿನಿಂದ ಫೆಬ್ರುವರಿಯವರೆಗೆ. ಆಗ ಬಿಸಿಲು ಕಡಿಮೆ, ಶಾಲೆಗಳ ಪ್ರವಾಸ ಜೋರು, ವಸತಿಗೃಹಗಳ ಬಾಡಿಗೆಯೂ ಜೋರು. ಮಿಕ್ಕ ತಿಂಗಳುಗಳಲ್ಲಿ ಹೋಗುತ್ತೇವೆಂದರೆ ತಿಳಿದವರು ಬೇಡವೆನ್ನುತ್ತಾರೆ.

ನಾನು ಇಂದು ಅದಕ್ಕೆ ಸ್ವಲ್ಪ ವಿರುದ್ಧವಾದ ಮಾತು ಹೇಳಬೇಕೆಂದಿದ್ದೇನೆ. ಹಳೆಯ ನಗರವೊಂದನ್ನು ನೋಡಿ ಬರುವುದಾದರೆ ಸೀಜನ್ನಿನಲ್ಲಿ ಹೋಗಬಹುದು. ಅದನ್ನು ತಿಳಿಯಬೇಕೆಂದಿದ್ದರೆ ಜನ ಹೋಗದ ಕಾಲದಲ್ಲಿ ಹೋಗಬೇಕು, ಹೋಗಿ ಒಂದೆರಡು ದಿನ ತಂಗಬೇಕು. ಈ ಮಾತಿಗೆ ನಾನು ಕರೆಯುವ ಸಾಕ್ಷಿಗಳು ಇಟಲಿಯಿಂದ ಬಂದ ಕೆಲವು ಪ್ರವಾಸಿಗಳು. ಅವರಲ್ಲೊಬ್ಬ ಹಂಪೆಯನ್ನು ಬಿಟ್ಟು ಘಟ್ಟ ಇಳಿದು ನಮ್ಮ ಅಂಕೋಲೆಗೇ ಬಂದವನು.

ಹಂಪೆಯ ಮಾತನ್ನು ರಾಮನಗುಳಿಯಲ್ಲಿ ಏಕೆ ಆಡಬೇಕು ಎಂದು ನೀವು ಕೇಳಬಹುದು. ನಿಮ್ಮೂರನ್ನು ಹಾದುಹೋಗುವ ಹೆದ್ದಾರಿಯನ್ನು ಬಹುಕಾಲ 63ನೇ ರಾಷ್ಟ್ರೀಯ ಹೆದ್ದಾರಿ ಎಂದು ಕರೆಯುತ್ತಿದ್ದರು. ಅಂಕೋಲೆಯಲ್ಲಿ ಹುಟ್ಟಿ ಅರಬೈಲು ಘಟ್ಟ ಹತ್ತಿ, ಯಲ್ಲಾಪುರ, ಹುಬ್ಬಳ್ಳಿ, ಗದಗ, ಕೊಪ್ಪಳ ದಾಟಿ ಹೊಸಪೇಟೆಯನ್ನು ಮುಟ್ಟಿ ಆಂಧ್ರದ ಗುತ್ತಿಯವರೆಗೆ ಹೋಗುತ್ತಿದ್ದ ದಾರಿ ಅದು. ಈಗ ಹುಬ್ಬಳ್ಳಿಯವರೆಗೆ ಅದಕ್ಕೆ 52 ಎಂದೂ ಅಲ್ಲಿಂದ ಮುಂದೆ 67 ಎಂದೂ ಹೆಸರು. ನಂಬರು ಬದಲಾಗಿದೆ, ದಾರಿ ಬದಲಾಗಿಲ್ಲ. ಕರಾವಳಿಗೂ ತುಂಗಭದ್ರೆಯ ದಂಡೆಗೂ ಇರುವ ನಂಟು ಈ ಡಾಂಬರಿಗಿಂತ ಬಹಳ ಹಳೆಯದು. ವಿಜಯನಗರದ ಸೈನ್ಯಕ್ಕೆ ಬೇಕಾದ ಅರಬ್ಬೀ ಕುದುರೆಗಳು ಬಂದಿಳಿಯುತ್ತಿದ್ದುದು ಗೋವೆ, ಹೊನ್ನಾವರ, ಭಟ್ಕಳಗಳಂಥ ಬಂದರುಗಳಲ್ಲಿ. ಅಂದು ಕುದುರೆಗಳು ಘಟ್ಟ ಹತ್ತಿದವು. ನಮ್ಮ ಕಾಲದಲ್ಲಿ ಹೊಸಪೇಟೆ, ಸಂಡೂರುಗಳ ಕಬ್ಬಿಣದ ಅದಿರು ಘಟ್ಟ ಇಳಿದು ಬೇಲೇಕೇರಿ ಬಂದರಿಗೆ ಹೋಯಿತು. 2010ರಲ್ಲಿ ಸರಕಾರ ಅದಿರಿನ ರಫ್ತನ್ನು ನಿಷೇಧಿಸಿದಾಗ ಲಾರಿಗಳ ಸಾಲು ನಿಂತಿತು. ಸಂಚಾರ ನಿಂತರೆ ದಾರಿಬದಿಯ ಊರಿಗೆ ಏನಾಗುತ್ತದೆ ಎಂಬುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಅನುಭವವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ಕಥೆ ಸುಲಭವಾಗಿ ಅರ್ಥವಾಗುತ್ತದೆ.

ಮೊದಲು ವೈಭವದ ಕಾಲಕ್ಕೆ ಬಂದವರನ್ನು ನೋಡೋಣ. ವೆನಿಸ್ ಸಮೀಪದ ಕಿಯೋಜಾ ಎಂಬ ಊರಿನ ನಿಕೊಲೊ ಕೊಂತಿ ವಿಜಯನಗರಕ್ಕೆ ಬಂದದ್ದು 1420ರ ಸುಮಾರಿಗೆ. ಊರಿಗೆ ಮರಳಿದ ಮೇಲೆ ಅವನು ಹೇಳಿದ್ದನ್ನು ಪೋಪರ ಕಾರ್ಯದರ್ಶಿಯಾಗಿದ್ದ ಪೊಜ್ಜೊ ಬ್ರಾಚೊಲೀನಿ ಲ್ಯಾಟಿನ್ ಭಾಷೆಯಲ್ಲಿ ಬರೆದಿಟ್ಟ. ನಗರದ ಸುತ್ತಳತೆ 60 ಮೈಲಿ, ಕೋಟೆಗೋಡೆ ಬೆಟ್ಟಗಳ ಮೇಲೆ ಹತ್ತಿ ಹೋಗಿದೆ, ಆಯುಧ ಹಿಡಿಯಬಲ್ಲವರು 90,000 ಮಂದಿ ಎಂಬ ಲೆಕ್ಕ ಅದರಲ್ಲಿದೆ. ಹಬ್ಬಗಳ ವಿವರವೂ ಇದೆ. ಗುಡಿಗಳಲ್ಲೂ ಮಾಳಿಗೆಗಳ ಮೇಲೂ ಎಣ್ಣೆಯ ದೀಪ ಹಚ್ಚುವ ಹಬ್ಬ, ಒಂಬತ್ತು ದಿನಗಳ ಹಬ್ಬ, ಹಾದಿಯಲ್ಲಿ ಹೋಗುವವರ ಮೇಲೆ, ಅರಸನನ್ನೂ ಬಿಡದೆ, ಬಣ್ಣದ ನೀರೆರಚುವ ಹಬ್ಬ. ದೀಪಾವಳಿ, ಮಹಾನವಮಿ, ಓಕುಳಿಗಳನ್ನು ಇಲ್ಲಿ ಗುರುತಿಸುವುದು ಕಷ್ಟವಲ್ಲ. 16ನೆಯ ಶತಮಾನದ ಆರಂಭದಲ್ಲಿ ಬಂದ ಬೊಲೋನ್ಯದ ಲುದೊವಿಕೊ ವರ್ತೆಮಾ ಈ ಊರನ್ನು ಎರಡನೆಯ ಸ್ವರ್ಗವೆಂದೇ ಭಾವಿಸಿದ. 1520ರ ಸುಮಾರಿಗೆ ಬಂದ ಪೋರ್ತುಗೀಸರ ಡೊಮಿಂಗೊ ಪಾಯಸ್ ಗುಡ್ಡ ಹತ್ತಿ ನೋಡಿ, ಇದು ರೋಮಿನಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ಬರೆದ. ಇವರೆಲ್ಲ ನಗರವನ್ನು ಅದರ ಸೀಜನ್ನಿನಲ್ಲಿ ಕಂಡವರು. ಹಂಪೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವ ಚಿತ್ರವೂ ಬಹುಮಟ್ಟಿಗೆ ಇಂಥವರು ಕೊಟ್ಟದ್ದೇ.

ಇನ್ನು ಕಾಲವಲ್ಲದ ಕಾಲದಲ್ಲಿ ಬಂದವನ ಮಾತು. ಅವನ ಹೆಸರು ಚೆಸಾರೆ ಫೆದೆರೀಚಿ. ವೆನಿಸ್ಸಿನ ವರ್ತಕ. 1563ರಲ್ಲಿ ಊರು ಬಿಟ್ಟು, ಹದಿನೆಂಟು ವರ್ಷ ಪೂರ್ವದೇಶಗಳನ್ನು ಸುತ್ತಿ, 1581ರಲ್ಲಿ ಮರಳಿದವನು. ಅವನು ಗೋವೆಯಿಂದ ವಿಜಯನಗರಕ್ಕೆ ಹೊರಟದ್ದು 1567ರಲ್ಲಿ. ಅಂದರೆ ರಕ್ಕಸತಂಗಡಿಯ ಯುದ್ಧ ಮುಗಿದು ಎರಡು ವರ್ಷಗಳಾಗಿದ್ದವು. 1565ರ ಜನವರಿ 23ರಂದು ಅಳಿಯ ರಾಮರಾಯ ಬಿದ್ದ ಮೇಲೆ ಗೆದ್ದ ಸುಲ್ತಾನರ ಸೈನ್ಯ ರಾಜಧಾನಿಯಲ್ಲಿ ಬೀಡುಬಿಟ್ಟು, ಆರು ತಿಂಗಳು ಮನೆ ಮನೆಯ ನೆಲ ಅಗೆದು ಹಣ ಹುಡುಕಿತು ಎಂದು ಫೆದೆರೀಚಿ ಬರೆಯುತ್ತಾನೆ.

ಅವನ ಜೊತೆಗೆ ಹೊರಟ ಇಬ್ಬರು ವರ್ತಕರ ಬಳಿ 300 ಅರಬ್ಬೀ ಕುದುರೆಗಳಿದ್ದವು. ರಾಮರಾಯನ ತಮ್ಮ ತಿರುಮಲರಾಯ ಪಾಳುಬಿದ್ದ ನಗರದಲ್ಲಿ ಮತ್ತೆ ಜನರನ್ನು ನೆಲೆಗೊಳಿಸಲು ಹೆಣಗುತ್ತಿದ್ದ. ಕುದುರೆ ತನ್ನಿ, ಯುದ್ಧದಲ್ಲಿ ಸೆರೆಸಿಕ್ಕ ಕುದುರೆಗಳಾದರೂ ಕೇಳಿದಷ್ಟು ಬೆಲೆ ಕೊಡುತ್ತೇನೆ ಎಂದು ವರ್ತಕರಿಗೆ ಅವನು ಹೇಳಿಕಳಿಸಿದ್ದ. ಕುದುರೆಗಳು ಬಂದವು. ಅವು ತನ್ನ ಕೈಸೇರಿದ ಮೇಲೆ ಬಿಡಿಕಾಸೂ ಕೊಡದೆ ವರ್ತಕರನ್ನು ಕಳಿಸಿಬಿಟ್ಟ. ಆ ಬಡಪಾಯಿಗಳು ದುಃಖದಿಂದ ಹುಚ್ಚರಂತಾದರು ಎನ್ನುತ್ತಾನೆ ಫೆದೆರೀಚಿ. ಅರಸನಿಗೂ ಬಂದರಿಗೂ ನಡುವೆ ಇದ್ದ ನಂಬಿಕೆ ಹೀಗೆ ಮುರಿಯಿತು. ಯುದ್ಧದಲ್ಲಿ ಸೋತ ಅರಸ ಮತ್ತೆ ಸೈನ್ಯ ಕಟ್ಟಬಹುದು, ಆದರೆ ವರ್ತಕರು ಬಾರದ ರಾಜಧಾನಿಯನ್ನು ನಿಲ್ಲಿಸಿಕೊಳ್ಳುವುದು ಕಷ್ಟ. ಅದೇ ವರ್ಷ ಅರಸ ಪರಿವಾರ ಸಮೇತ ಪೆನುಕೊಂಡೆಗೆ ಹೊರಟುಹೋದ.

ಫೆದೆರೀಚಿಯ ಕೆಲಸ ಒಂದು ತಿಂಗಳಲ್ಲಿ ಮುಗಿಯುವಂಥದು. ಆದರೆ ದಾರಿಯಲ್ಲಿ ಕಳ್ಳರ ಕಾಟ ಹೆಚ್ಚಾಗಿದ್ದುದರಿಂದ ಅವನು ಏಳು ತಿಂಗಳು ಅಲ್ಲೇ ಉಳಿಯಬೇಕಾಯಿತು. ಹೀಗೆ ಉಳಿದದ್ದರಿಂದಲೇ ಬೇರೆ ಯಾರೂ ಹೇಳದ ಸಂಗತಿಗಳು ನಮಗೆ ದೊರೆತಿವೆ. ನಗರದ ಸುತ್ತಳತೆ 24 ಮೈಲಿ, ಗೋಡೆಯೊಳಗೇ ಬೆಟ್ಟಗಳಿವೆ ಎನ್ನುತ್ತಾನೆ. ಅರಸು ಮನೆತನದ ಮೂವರು ಸೋದರರ ಅರಮನೆಗಳು ಮತ್ತು ದೇವಾಲಯಗಳು ಮಾತ್ರ ಗಾರೆ-ಕಲ್ಲಿನವು, ಮಿಕ್ಕ ಮನೆಗಳೆಲ್ಲ ಮಣ್ಣಿನ ಗೋಡೆಯವು ಎಂಬುದನ್ನು ಅವನು ಗಮನಿಸಿದ. ಇದು ತುಂಬ ಮುಖ್ಯವಾದ ಮಾತು. ಇಂದು ಹಂಪೆಯಲ್ಲಿ ಉಳಿದಿರುವುದು ದೇವರ ಮನೆ ಮತ್ತು ಅರಸರ ಮನೆ. ಸಾವಿರಾರು ಒಕ್ಕಲುಗಳ ಮಣ್ಣಿನ ಮನೆಗಳು ಮಳೆಗೆ ಕರಗಿ ಹೊಲವಾಗಿವೆ. ನಾವು ನೋಡುವ ಕಲ್ಲಿನ ಹಂಪೆ ನಿಜವಾದ ಹಂಪೆಯ ಒಂದು ಪಾಲು ಮಾತ್ರ.

ಇನ್ನೂ ಒಂದು ಸಂಗತಿ. ನಗರ ಪೂರ್ತಿ ನಾಶವಾಗಿಲ್ಲ, ಮನೆಗಳು ನಿಂತಿವೆ, ಆದರೆ ಬರಿದಾಗಿವೆ, ಅವುಗಳಲ್ಲಿ ಹುಲಿ ಮುಂತಾದ ಕಾಡುಪ್ರಾಣಿಗಳು ಸೇರಿಕೊಂಡಿವೆಯಂತೆ ಎಂದು ಅವನು ದಾಖಲಿಸಿದ. ಹಂಪೆ ಒಂದೇ ದಿನದಲ್ಲಿ ಬೆಂಕಿಗೆ ಬಿದ್ದು ಮುಗಿದುಹೋಯಿತು ಎಂದು ನಾವು ಶಾಲೆಯಲ್ಲಿ ಕಲಿತಿರುತ್ತೇವೆ. ಲೂಟಿಯಾದದ್ದು ನಿಜ, ಬೆಂಕಿ ಬಿದ್ದದ್ದೂ ನಿಜ. ಆದರೆ ಈ ವೆನಿಸ್ಸಿಗನ ಕಣ್ಣಿನಿಂದ ನೋಡಿದರೆ ಊರು ಸತ್ತದ್ದು ಅದಾದ ಮೇಲೆ, ನಿಧಾನವಾಗಿ, ಜನರಿಗೆ ಅಲ್ಲಿ ಇರಲು ಕಾರಣವಿಲ್ಲದಂತಾದಾಗ.

ಹೊರಟಾಗ ಅವನ ಹಾದಿ ಅಂಕೋಲೆಯ ಕಡೆಗೆ. ಪಲ್ಲಕ್ಕಿ, ಹೊರುವ ಆಳುಗಳು, ಸಾಮಾನಿಗೆ ಎತ್ತು. ದಾರಿಯುದ್ದಕ್ಕೂ ಒಬ್ಬೊಬ್ಬ ಪಾಳೆಯಗಾರ ತನ್ನದೇ ತಾಮ್ರದ ನಾಣ್ಯ ಹೊಡೆಸುತ್ತಿದ್ದ, ಇಂದು ಪಡೆದ ಚಿಲ್ಲರೆ ನಾಳೆಯ ಊರಿನಲ್ಲಿ ನಡೆಯುತ್ತಿರಲಿಲ್ಲ. ಸಾಮ್ರಾಜ್ಯವೊಂದು ಕುಸಿದ ಸುದ್ದಿಯನ್ನು ಇದಕ್ಕಿಂತ ಸರಳವಾಗಿ ಹೇಳಲಾಗದು. ಕೊನೆಗೆ ಅವನು ಅಂಕೋಲೆ ಮುಟ್ಟಿದ. ಅದು ಗೇರುಸೊಪ್ಪೆಯ ರಾಣಿಯ ಸೀಮೆ ಎಂದು ಬರೆದಿದ್ದಾನೆ. ಆಗ ಗೇರುಸೊಪ್ಪೆಯನ್ನು ಆಳುತ್ತಿದ್ದವಳು ಕಾಳುಮೆಣಸಿನ ರಾಣಿಯೆಂದು ಹೆಸರಾದ ಚೆನ್ನಭೈರಾದೇವಿ.

ತಂಗುವುದರ, ಕಾಯುವುದರ ಫಲಕ್ಕೆ ಇನ್ನೊಂದು ಉದಾಹರಣೆಯೂ ನಮ್ಮ ಜಿಲ್ಲೆಯ ಪಕ್ಕದಲ್ಲೇ ಇದೆ. ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ 1623ರ ಕೊನೆಯಲ್ಲಿ ಹೊನ್ನಾವರ, ಗೇರುಸೊಪ್ಪೆಗಳ ಮೂಲಕ ಇಕ್ಕೇರಿಗೆ ಹೋದ. ಘಟ್ಟದಲ್ಲಿ ಸಾಮಾನು ಹೊರುವ ಆಳುಗಳಿಗಾಗಿ ಕಾಯುತ್ತ ಗುಡಿಯ ಜಗಲಿಯಲ್ಲಿ ಕುಳಿತಿದ್ದಾಗ, ಚಿಕ್ಕ ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಿನಲ್ಲಿ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುವುದನ್ನು ಕಂಡ. ನಮ್ಮ ಹಳೆಯ ಮಠಗಳ ಪಾಠದ ಕ್ರಮಕ್ಕೆ ಇಂದಿಗೂ ಅದೊಂದು ಅಮೂಲ್ಯ ಸಾಕ್ಷಿ. ಆಳುಗಳು ಹೊತ್ತಿಗೆ ಸರಿಯಾಗಿ ಬಂದಿದ್ದರೆ ಆ ಪುಟ ಇರುತ್ತಿರಲಿಲ್ಲ.

ಈಗ ಫೆದೆರೀಚಿಯ ಊರಿನ ಕಡೆ ತಿರುಗೋಣ. ವೆನಿಸ್ಸಿಗೆ ಬೇಸಿಗೆಯಲ್ಲಿ ಬರುವ ಜನಸಂದಣಿ ಎಷ್ಟೆಂದರೆ, ಒಂದೇ ದಿನಕ್ಕೆ ಬಂದುಹೋಗುವವರಿಂದ 2024ರ ಏಪ್ರಿಲಿನಲ್ಲಿ ಗೊತ್ತಾದ ದಿನಗಳಂದು 5 ಯೂರೋ ಪ್ರವೇಶಧನ ಪಡೆಯತೊಡಗಿದರು. ಚಳಿಗಾಲದಲ್ಲಿ, ಕಾರ್ನಿವಲ್ ಹಬ್ಬದ ದಿನಗಳನ್ನು ಬಿಟ್ಟರೆ, ಆ ಗದ್ದಲವಿಲ್ಲ. ಮಂಜು ಕವಿಯುತ್ತದೆ. ಸಮುದ್ರ ಉಬ್ಬಿ ಬೀದಿಗೆ ನೀರು ನುಗ್ಗುವ ಕಾಲವೂ ಅದೇ. 2019ರ ನವೆಂಬರ್ 12ರಂದು ನೀರು 187 ಸೆಂಟಿಮೀಟರ್ ಮಟ್ಟಕ್ಕೆ ಏರಿತ್ತು. ಮರುವರ್ಷದ ಅಕ್ಟೋಬರಿನಿಂದ ಸಮುದ್ರದ ಬಾಯಲ್ಲಿ ಎತ್ತಿ ಇಳಿಸುವ ತಡೆಗೋಡೆಗಳು ಕೆಲಸ ಮಾಡುತ್ತಿವೆ. ಈ ಕಾಲದಲ್ಲಿ ಹೋದವನಿಗೆ ವೆನಿಸ್ ನೀರಿನೊಂದಿಗೆ ಹೇಗೆ ಬಾಳುತ್ತದೆ ಎಂಬುದು ಕಾಣುತ್ತದೆ. ಅಲ್ಲಿ ಎಷ್ಟು ಜನ ಉಳಿದಿದ್ದಾರೆ ಎಂಬುದೂ ಕಾಣುತ್ತದೆ. 1951ರಲ್ಲಿ ಹಳೆಯ ನಗರದಲ್ಲಿ ಸುಮಾರು 1,75,000 ಮಂದಿ ವಾಸವಾಗಿದ್ದರು. 2022ರ ಹೊತ್ತಿಗೆ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಪ್ರವಾಸಿಗಳು ಹೋದ ಮೇಲೆ ದೀಪ ಉರಿಯುವ ಕಿಟಕಿಗಳೆಷ್ಟು ಎಂಬ ಲೆಕ್ಕ ಸೀಜನ್ನಿನಲ್ಲಿ ಸಿಗುವುದಿಲ್ಲ.

ಹಂಪೆಯ ಮಟ್ಟಿಗೆ ಇಂಥ ಕಾಲವೆಂದರೆ ಮಳೆಗಾಲ. ಏಪ್ರಿಲ್, ಮೇ ತಿಂಗಳ ಬಿಸಿಲನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಆಗ ಬಂಡೆಗಳೇ ಒಲೆಯಾಗುತ್ತವೆ. ಜುಲೈ, ಆಗಸ್ಟ್ ಬೇರೆ. ನಮ್ಮ ಕಡೆಯವರು ಮಳೆಗಾಲವೆಂದರೆ ಇಲ್ಲಿಯ ಜಡಿಮಳೆಯನ್ನು ನೆನೆದು ಹೆದರಬೇಕಾಗಿಲ್ಲ. ಹೊಸಪೇಟೆಯದು ಮಳೆಯ ನೆರಳಿನ ಸೀಮೆ. ಅಲ್ಲಿ ಬೀಳುವುದು ಸ್ವಲ್ಪ, ಹರಿದು ಬರುವುದು ಬಹಳ. ಘಟ್ಟದ ಮಳೆಯೇ ತುಂಗೆ, ಭದ್ರೆಗಳಾಗಿ ಕೂಡಿ ಅಲ್ಲಿಗೆ ಬರುತ್ತದೆ. ಅಣೆಕಟ್ಟಿನಿಂದ ನೀರು ಬಿಟ್ಟಾಗ ವಿಠ್ಠಲ ದೇವಾಲಯದ ಸಮೀಪ ನದಿಯಲ್ಲಿರುವ ಪುರಂದರ ಮಂಟಪ ಮುಳುಗುತ್ತದೆ, ಹರಿಗೋಲು ನಿಲ್ಲುತ್ತದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ ಇಡೀ ನದೀಪಾತ್ರದ ಜನ ನಿದ್ದೆಗೆಟ್ಟರು.

ಆಗ ಹೋದರೆ ವಿಜಯನಗರದ ಗುಟ್ಟು ತಿಳಿಯುತ್ತದೆ. ಆ ಒಣ ಸೀಮೆಯಲ್ಲಿ ಅಷ್ಟು ದೊಡ್ಡ ಊರು ಬದುಕಿದ್ದು ನದಿಗೆ ಒಡ್ಡು ಹಾಕಿ ಕಾಲುವೆ ತೆಗೆದದ್ದರಿಂದ, ಕಮಲಾಪುರದ ಕೆರೆಯಂಥ ಕೆರೆಗಳನ್ನು ಕಟ್ಟಿದ್ದರಿಂದ. ಅರಮನೆಯ ಆವರಣದ ಕಲ್ಲಿನ ತೊಟ್ಟಿಕಾಲುವೆಯನ್ನು, ಮೆಟ್ಟಿಲುಗಳ ಪುಷ್ಕರಣಿಯನ್ನು ಎಲ್ಲರೂ ನೋಡುತ್ತಾರೆ. ಆದರೆ ಗುಡ್ಡಗಳ ನಡುವೆ ಹರಿಯುವ ತುರ್ತು ಕಾಲುವೆಯನ್ನು ನೋಡುವವರು ಕಡಿಮೆ. ವಿಜಯನಗರದ ಆ ಕಾಲುವೆ ಇಂದಿಗೂ ಗದ್ದೆಗೂ ಬಾಳೆತೋಟಕ್ಕೂ ನೀರು ಕೊಡುತ್ತಿದೆ. ಸ್ಮಾರಕವೆಂಬ ಫಲಕವಿಲ್ಲದೆ ದುಡಿಯುತ್ತಿರುವ ಸ್ಮಾರಕ ಅದು.

ಇಲ್ಲಿಯೇ ನಮ್ಮ ಕಾಲದ ಪ್ರಶ್ನೆಯೂ ಎದ್ದು ನಿಲ್ಲುತ್ತದೆ. ಹಂಪೆ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣವೆಂದೂ ಎಣಿಸಲ್ಪಟ್ಟಿತು. ಅಡ್ಡಾದಿಡ್ಡಿ ಕಟ್ಟಡಗಳಿಂದ ಅದನ್ನು ಕಾಪಾಡಬೇಕಾದದ್ದು ನಿಜ. 2011ರ ಜುಲೈಯಲ್ಲಿ ವಿರೂಪಾಕ್ಷ ಗುಡಿಯ ಮುಂದಿನ ಬಜಾರದಲ್ಲಿದ್ದ ಮನೆ-ಅಂಗಡಿಗಳನ್ನು ಕೆಡವಿದರು, ಮಂಟಪಗಳು ತೆರವಾದವು, ಕುಟುಂಬಗಳು ಬೇರೆಡೆಗೆ ಹೋದವು. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಂತೆ ಹೊಳೆಯಾಚೆಯ ವಿರೂಪಾಪುರ ಗಡ್ಡೆಯ ರೆಸಾರ್ಟುಗಳೂ ಹೋದವು. ಕಾನೂನಿನ ಮಾತು ಕಾನೂನಿಗೆ ಬಿಟ್ಟದ್ದು. ಆದರೆ ಕಲ್ಲಿಗೆ ಕೊಟ್ಟಷ್ಟು ಗಮನವನ್ನು ಆ ಕಲ್ಲಿನ ನಡುವೆ ಬಾಳುವವರಿಗೂ ಕೊಡದಿದ್ದರೆ ಏನಾಗುತ್ತದೆ? ಮನೆಗಳು ನಿಂತಿವೆ, ಆದರೆ ಬರಿದಾಗಿವೆ ಎಂಬ 1567ರ ಆ ವಾಕ್ಯ ಮತ್ತೊಮ್ಮೆ ನಿಜವಾಗಬಹುದು. ವಿರೂಪಾಕ್ಷನ ಪೂಜೆ ಇಂದೂ ನಡೆಯುತ್ತಿದೆ, ಕಾಲುವೆಯ ಕೆಳಗೆ ನಾಟಿ ನಡೆಯುತ್ತಿದೆ. ಹಂಪೆ ಹಾಳೂರಲ್ಲ ಎಂದು ಹೇಳುವ ಎರಡು ಸಾಕ್ಷಿಗಳು ಇವು.

ಕೊನೆಯದಾಗಿ ಕೆಲವು ವ್ಯವಹಾರದ ಮಾತು. ಮಳೆಗಾಲದಲ್ಲಿ ಹೊರಡುವ ಮೊದಲು ಘಟ್ಟದ ಸ್ಥಿತಿ ವಿಚಾರಿಸಿ. 2021ರ ಜುಲೈಯಲ್ಲಿ ಅರಬೈಲು ಘಟ್ಟ ಕುಸಿದು ದಾರಿ ಕಟ್ಟಿದ್ದು, 2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಜರಿದು ಜೀವಗಳು ಹೋದದ್ದು ನಿಮಗೆ ನೆನಪಿದೆ. ಹುಬ್ಬಳ್ಳಿಯವರೆಗೆ ಬಸ್ಸು, ಅಲ್ಲಿಂದ ಹೊಸಪೇಟೆಗೆ ರೈಲು ಅನುಕೂಲ. ಒಂದೇ ದಿನದಲ್ಲಿ ಇಪ್ಪತ್ತು ಗುಡಿ ಎಣಿಸಿ ಬರಬೇಡಿ. ಎರಡು ರಾತ್ರಿಯಾದರೂ ಉಳಿಯಿರಿ. ನೀರು ಬಿಟ್ಟ ದಿನ ನದಿಗೆ ಇಳಿಯಬೇಡಿ. ಗಂಗಾವಳಿ 2019ರಲ್ಲಿ, 2021ರಲ್ಲಿ ಏನು ಮಾಡಿದಳೆಂದು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊಟವನ್ನು ಅಲ್ಲಿಯವರ ಖಾನಾವಳಿಯಲ್ಲಿ ಮಾಡಿ. ಸೀಜನ್ ಇಲ್ಲದಾಗ ನೀವು ಕೊಡುವ ನೂರು ರೂಪಾಯಿ ಅವರಿಗೆ ಸಾವಿರದ ಹಾಗೆ. ಗದ್ದೆಯ ಬದುವಿನಲ್ಲಿ ಯಾರಾದರೂ ಹಿರಿಯರು ಸಿಕ್ಕರೆ, ಈ ಕಾಲುವೆಯ ನೀರು ಎಲ್ಲಿಂದ ಬರುತ್ತದೆ, ಯಾರ ಗದ್ದೆಗೆ ಮೊದಲ ಸರದಿ ಎಂದು ಕೇಳಿ. ಮಾತಾಡಲು ಅವರಿಗೆ ಆಗ ಪುರುಸೊತ್ತಿರುತ್ತದೆ. ಕೇಳಲು ನೀವೂ ಪುರುಸೊತ್ತು ಮಾಡಿಕೊಂಡು ಹೋಗಿ.